ವಿಶ್ರಾಂತಿಯೇ ಮದ್ದಾದರೆ ಕೂಲಿ ಯಾರು ಕೊಡುತ್ತಾರೆ?

2023ರ ಅಕ್ಟೋಬರ್‌ನಲ್ಲಿ ಗುಜರಾತಿನಲ್ಲಿ ಗರ್ಬಾ ಕುಣಿಯುತ್ತಿದ್ದ ಯುವಕರು ಹಠಾತ್ತಾಗಿ ಕುಸಿದು ಸತ್ತ ಸುದ್ದಿಗಳು ಒಂದರ ಮೇಲೊಂದು ಬಂದವು. ತಿಂಗಳ ಕೊನೆಯಲ್ಲಿ ಭಾವನಗರದಲ್ಲಿ ಮಾತನಾಡಿದ ಅಂದಿನ ಕೇಂದ್ರ ಆರೋಗ್ಯ ಸಚಿವ ಮನಸುಖ್ ಮಾಂಡವೀಯ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನವನ್ನು ಉಲ್ಲೇಖಿಸಿ ಒಂದು ಸಲಹೆ ಕೊಟ್ಟರು. ತೀವ್ರ ಕೋವಿಡ್‌ಗೆ ತುತ್ತಾಗಿದ್ದವರು ಒಂದೆರಡು ವರ್ಷ ಅತಿಯಾದ ದುಡಿಮೆ, ಓಟ, ಕಠಿಣ ವ್ಯಾಯಾಮದಿಂದ ದೂರ ಇರಬೇಕು ಎಂದರು.

ಸಲಹೆಯಲ್ಲಿ ತಪ್ಪಿಲ್ಲ. ಆದರೆ ಅದನ್ನು ಉತ್ತರ ಕನ್ನಡದ ಕರಾವಳಿಗೆ ತಂದು ನೋಡಬೇಕು. ಕಾಸರಕೋಡಿನಲ್ಲೋ ತದಡಿಯಲ್ಲೋ ಬೋಟು ದಡ ಸೇರಿದಾಗ ಮೀನು ಹೊರುವ ಆಳು, ಮರದಿಂದ ಮರಕ್ಕೆ ಜಿಗಿದು ಅಡಿಕೆ ಇಳಿಸುವ ಕೊನೆಗೌಡ, ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಉಪ್ಪು ಎಳೆಯುವವರು, ಅಘನಾಶಿನಿಯ ಅಳಿವೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಬಳಚು ಆರಿಸುವ ಹೆಂಗಸರು, ಬೆಳಗಾಗುವುದರೊಳಗೆ ಭಟ್ಕಳ ಮಲ್ಲಿಗೆಯ ಮೊಗ್ಗು ಕೊಯ್ದು ಮಾಲೆ ಕಟ್ಟುವವರು: ಇವರಲ್ಲಿ ಯಾರಿಗೆ ಎರಡು ವರ್ಷ ಹಗುರ ಕೆಲಸ ಮಾತ್ರ ಮಾಡಿ ಎನ್ನಬಹುದು? ಹಾಗೆ ಹೇಳಿದವರು ಆ ಎರಡು ವರ್ಷದ ಅಕ್ಕಿಯ ಮಾತನ್ನೂ ಆಡಬೇಕಿತ್ತು. ಅದನ್ನು ಯಾರೂ ಆಡಲಿಲ್ಲ.

ವಿಶ್ರಾಂತಿ ಬೇಕಾದವರು ಇನ್ನೂ ಇದ್ದಾರೆ: ಕೋವಿಡ್ ಬಂದು ಹೋದ ಮೇಲೂ ಅನಾರೋಗ್ಯ ಬಿಡದೆ ಕಾಡುತ್ತಿರುವವರು. ಈ ಸ್ಥಿತಿಗೆ ಲಾಂಗ್ ಕೋವಿಡ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಅದಕ್ಕೊಂದು ವ್ಯಾಖ್ಯೆ ಕೊಟ್ಟಿತು. ಸೋಂಕು ತಗುಲಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಇರುವ, ಕನಿಷ್ಠ ಎರಡು ತಿಂಗಳು ಮುಂದುವರಿಯುವ, ಬೇರೆ ಕಾಯಿಲೆಯಿಂದ ವಿವರಿಸಲಾಗದ ತೊಂದರೆಗಳು ಇದರಲ್ಲಿ ಸೇರುತ್ತವೆ. ಹೆಚ್ಚಿನವರು ಹೇಳುವುದು ಮೂರು ಸಂಗತಿ: ತೀರದ ದಣಿವು, ಏದುಸಿರು, ತಲೆ ಓಡದಿರುವುದು. ಕೋವಿಡ್ ಬಂದವರಲ್ಲಿ ನೂರಕ್ಕೆ ಸುಮಾರು ಆರು ಮಂದಿಯನ್ನು ಇದು ಕಾಡುತ್ತದೆ ಎಂಬುದು ಅದೇ ಸಂಸ್ಥೆಯ ಅಂದಾಜು. ಆಸ್ಪತ್ರೆ ಸೇರದೆ ಮನೆಯಲ್ಲೇ ಗುಣವಾದವರನ್ನೂ ಇದು ಬಿಟ್ಟಿಲ್ಲ.

ಇದರ ಕ್ರೂರ ಲಕ್ಷಣ ಇನ್ನೊಂದಿದೆ. ಮೈ ಸ್ವಲ್ಪ ಸುಧಾರಿಸಿತೆಂದು ಒಂದು ದಿನ ಹುಮ್ಮಸ್ಸಿನಿಂದ ದುಡಿದರೆ, ಏಟು ಬೀಳುವುದು ಅಂದೇ ಅಲ್ಲ, ಮರುದಿನವೋ ಅದರ ಮರುದಿನವೋ. ಆಮೇಲೆ ವಾರಗಟ್ಟಲೆ ಹಾಸಿಗೆ. ನಾಳೆಯ ಶಕ್ತಿಯನ್ನು ಮೀಟರ್ ಬಡ್ಡಿಗೆ ಸಾಲ ತಂದಂತೆ. ಸೋಮವಾರ ಬಲೆ ಎಳೆದವನು ಬುಧವಾರ ಏಳಲಾರದೆ ಮಲಗಿದರೆ ನೋಡುವವರಿಗೆ ಕಾಣುವುದು ಸೋಮಾರಿತನ. ಎಕ್ಸ್‌ರೇ ಸರಿ ಇದೆ, ರಕ್ತ ಪರೀಕ್ಷೆ ಸರಿ ಇದೆ, ‘ಎಲ್ಲ ಮನಸ್ಸಿನದು’ ಎಂಬ ಮಾತು ಡಾಕ್ಟರ ಬಾಯಿಂದಲೂ ಮನೆಯವರ ಬಾಯಿಂದಲೂ ಬರುತ್ತದೆ. ದುಡಿದು ಬದುಕಿದವನಿಗೆ ಕಾಯಿಲೆಗಿಂತ ದೊಡ್ಡ ನೋವು ಈ ಅಪನಂಬಿಕೆಯದು.

ವೈರಸ್ ಜ್ವರ ಇಳಿದ ಮೇಲೂ ಮೈ ಸೋಲುವುದು ಈ ಸೀಮೆಗೆ ಹೊಸದೇನಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹೊನ್ನಾವರ, ಭಟ್ಕಳ, ಕುಮಟಾದ ಕಾಡಂಚಿನ ಹಳ್ಳಿಗಳನ್ನೂ ಮುಟ್ಟಿತ್ತು. ಸಿದ್ದಾಪುರದಲ್ಲಿ 2024ರಲ್ಲೂ ಅದು ಕಾಣಿಸಿಕೊಂಡಿತು. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಮೈಕೈ ನೋವು, ನಿಶ್ಶಕ್ತಿ ಇರುತ್ತದೆ ಎಂಬುದು ಆ ಕಾಯಿಲೆಯ ಬಗ್ಗೆ ವೈದ್ಯ ಪುಸ್ತಕಗಳೇ ಹೇಳುವ ಮಾತು. 2006ರ ಚಿಕೂನ್‌ಗುನ್ಯಾ ನೆನಪಿರುವವರು ಇನ್ನೂ ಹೆಚ್ಚು. ದೇಶದಲ್ಲಿ 13 ಲಕ್ಷ ದಾಟಿದ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಗಂಟು ನೋವಿನಿಂದ ಎದ್ದು ನಿಲ್ಲಲಾರದೆ ಒಂದು ಇಡೀ ಬೇಸಾಯದ ಹಂಗಾಮು ಕಳೆದುಕೊಂಡ ಮನೆಗಳು ಆಗ ಊರೂರಲ್ಲಿ ಇದ್ದವು. ಆಗಲೂ ಸರ್ಕಾರ ಎಣಿಸಿದ್ದು ಜ್ವರವನ್ನು, ಜ್ವರದ ನಂತರದ ತಿಂಗಳುಗಳನ್ನಲ್ಲ.

ಕೋವಿಡ್‌ನಲ್ಲಿ ಭಟ್ಕಳ ಜಿಲ್ಲೆಯಲ್ಲೇ ಎಲ್ಲರಿಗಿಂತ ಮೊದಲು ಸಿಕ್ಕಿಬಿದ್ದ ಊರು. 2020ರ ಮಾರ್ಚ್ ಕೊನೆಯಲ್ಲಿ ದುಬೈನಿಂದ ಮರಳಿದವರಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಪತ್ತೆಯಾದವು, ಇಡೀ ಪಟ್ಟಣಕ್ಕೆ ಬೀಗ ಬಿತ್ತು. ಮೊದಲ ರೋಗಿಗಳಿಗೆ ಚಿಕಿತ್ಸೆ ನಡೆದದ್ದು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿ. ಗುಣವಾಗಿ ಬಂದವರಿಗೆ ಚಪ್ಪಾಳೆ ತಟ್ಟಿದ ದೃಶ್ಯಗಳನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದಾರೆ. ಆ ಚಪ್ಪಾಳೆಯ ನಂತರ ಮನೆಗೆ ಹೋದವರ ವಿಚಾರಣೆ ಎಷ್ಟು ದಿನ ನಡೆಯಬೇಕಿತ್ತು? ಐಸಿಎಂಆರ್ ದೇಶದ 31 ಆಸ್ಪತ್ರೆಗಳಿಂದ ಬಿಡುಗಡೆಯಾದ 14,419 ಮಂದಿಯ ಯೋಗಕ್ಷೇಮವನ್ನು ಒಂದು ವರ್ಷ ವಿಚಾರಿಸಿತು. ಅವರಲ್ಲಿ ಶೇ 6.5ರಷ್ಟು ಮಂದಿ ಆ ಒಂದು ವರ್ಷದೊಳಗೇ ತೀರಿಕೊಂಡಿದ್ದರು. ‘ಡಿಸ್ಚಾರ್ಜ್’ ಎಂದರೆ ಕಥೆ ಮುಗಿದಂತಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿಲ್ಲ.

ಇನ್ನು ದೂರದ ಲೆಕ್ಕ. ಭಟ್ಕಳದಿಂದ ಮಣಿಪಾಲದ ಆಸ್ಪತ್ರೆ ಸುಮಾರು 90 ಕಿ.ಮೀ., ಕುಮಟಾದಿಂದ ಸುಮಾರು 150. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆ ಭಟ್ಕಳಕ್ಕೆ 120 ಕಿ.ಮೀ.ಗೂ ಆಚೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಅಂದು ಬೀದಿಗೆ ಬಂತು. ಆ ಬೇಡಿಕೆ ನೂರಕ್ಕೆ ನೂರು ನ್ಯಾಯವಾದದ್ದು. ಆದರೆ ಲಾಂಗ್ ಕೋವಿಡ್‌ನವರಿಗೆ ಬೇಕಾದದ್ದು ಅದಕ್ಕಿಂತ ಚಿಕ್ಕದು, ಇಂದೇ ಆಗಬಹುದಾದದ್ದು. ಆರೇಳು ಗಂಟೆ ಬಸ್ಸಿನಲ್ಲಿ ಹೋಗಿಬರುವುದೇ ಅವರಿಗೆ ಒಂದು ವಾರದ ಶಕ್ತಿಯನ್ನು ಕಸಿಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಹಣ ಉಳಿದಿರಬಹುದು, ದಾರಿ ಕಡಿಮೆಯಾಗಿಲ್ಲ. ಐದು ಲಕ್ಷದವರೆಗಿನ ಆಯುಷ್ಮಾನ್ ಕಾರ್ಡು ಮುಖ್ಯವಾಗಿ ಒಳರೋಗಿಗಳಿಗೆ. ಈ ಕಾಯಿಲೆಯವರೋ ಬಹುತೇಕ ಹೊರರೋಗಿಗಳು.

ಕುಮಟಾ, ಹೊನ್ನಾವರ, ಭಟ್ಕಳದ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ವೈರಸ್ ನಂತರದ ತೊಂದರೆಗಳಿಗೆಂದೇ ಹೊರರೋಗಿ ವಿಭಾಗ ನಡೆಸುವುದು ಕಷ್ಟವಲ್ಲ. ಮೊದಲು ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕ್ಷಯ ಇವೆಯೇ ಎಂದು ನೋಡಬೇಕು. ಆಮೇಲೆ ರೋಗಿಯನ್ನು ಮಲಗಿಸಿ, ಎಬ್ಬಿಸಿ, ಹತ್ತು ನಿಮಿಷ ನಿಲ್ಲಿಸಿ ನಾಡಿಬಡಿತ ಮತ್ತು ಬಿಪಿ ಅಳೆಯಬೇಕು. ಎದ್ದು ನಿಂತಾಗ ನಾಡಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಏರಿ ಹಾಗೇ ಉಳಿದರೆ ಅದು ಮನಸ್ಸಿನ ಕಲ್ಪನೆಯಲ್ಲ. ಇದಕ್ಕೆ ಬೇಕಾದದ್ದು ಒಂದು ಬಿಪಿ ಯಂತ್ರ, ಒಂದು ಗಡಿಯಾರ, ಸ್ವಲ್ಪ ಪುರುಸೊತ್ತು. ತಜ್ಞರ ಮಾತು ಬೇಕಾದರೆ ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಇ-ಸಂಜೀವಿನಿ ಇದೆ. ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಬೆಂಗಳೂರಿನ ಜಯದೇವದಂಥ ಹೃದ್ರೋಗ ಆಸ್ಪತ್ರೆಗಳ ವೈದ್ಯರು ನೋಡುವ ವ್ಯವಸ್ಥೆಯನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯವೇ ಮಾಡಿ ತೋರಿಸಿದೆ.

ಎಲ್ಲವನ್ನೂ ಕೊರೊನಾದ ತಲೆಗೆ ಕಟ್ಟುವುದೂ ಸಲ್ಲದು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಬೆರಳು ಲಸಿಕೆಯತ್ತ ಹೋಯಿತು. ಜಯದೇವ ಆಸ್ಪತ್ರೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಅಂಥ ನಂಟು ಕಂಡಿಲ್ಲ ಎಂದಿತು. ಹದಿನೆಂಟರಿಂದ ನಲವತ್ತೈದು ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ ನಡೆಸಿದ ಅಧ್ಯಯನದಲ್ಲೂ ಲಸಿಕೆ ಅಪಾಯ ಹೆಚ್ಚಿಸಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ ಅಂಶಗಳ ಪೈಕಿ ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು ಒಂದು, ಸಾವಿಗೆ ಮುನ್ನ 48 ಗಂಟೆಯೊಳಗೆ ಮಾಡಿದ ಅತಿ ಶ್ರಮ ಇನ್ನೊಂದು. ಲಸಿಕೆಯ ಸುತ್ತಲಿನ ಗದ್ದಲದಲ್ಲಿ ನಿಜವಾಗಿ ಬಳಲುತ್ತಿರುವವರ ದನಿ ಮುಚ್ಚಿಹೋಗಿರುವುದು ದುಃಖದ ಸಂಗತಿ.

ಕಾನೂನು ಇವರನ್ನು ಎಲ್ಲಿ ನಿಲ್ಲಿಸಿದೆ? 2021ರ ಜೂನ್ 30ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ ₹50,000 ಸಿಕ್ಕಿತು, ಬಿಪಿಎಲ್ ಕುಟುಂಬಗಳಿಗೆ ಕರ್ನಾಟಕ ಒಂದು ಲಕ್ಷ ಸೇರಿಸಿತು. ಬದುಕುಳಿದು ದುಡಿಯಲಾರದವರಿಗೆ ಏನೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಲಾಂಗ್ ಕೋವಿಡ್ ಇಲ್ಲ. ಅಮೆರಿಕದ ಸರ್ಕಾರ 2021ರ ಜುಲೈನಲ್ಲೇ ಇದನ್ನು ತನ್ನ ಅಂಗವೈಕಲ್ಯ ಕಾನೂನಿನಡಿ ಪರಿಗಣಿಸಬಹುದು ಎಂದಿತ್ತು. ನಮ್ಮ ಇಎಸ್‌ಐನಲ್ಲಿ ವರ್ಷಕ್ಕೆ 91 ದಿನ ಶೇ 70ರಷ್ಟು ವೇತನ ಕೊಡುವ ಅನಾರೋಗ್ಯ ಭತ್ಯೆ ಇದೆ. ಅದು ನೋಂದಾಯಿತ ಕಾರ್ಖಾನೆ, ಸಂಸ್ಥೆಗಳ ನೌಕರರಿಗೆ. ಬೋಟಿನ ಆಳಿಗೂ ಮೀನು ಮಾರುವ ಹೆಂಗಸಿಗೂ ಅದು ದಕ್ಕುವಂಥದ್ದಲ್ಲ. ಮನೆಮನೆಗೆ ಹೋಗಿ ಜ್ವರ ಎಣಿಸಿದ ಆಶಾ ಕಾರ್ಯಕರ್ತೆಯರ ಸ್ಥಿತಿಯೂ ಬೇರೆಯಲ್ಲ. ಕರ್ತವ್ಯದಲ್ಲಿ ಕೋವಿಡ್‌ನಿಂದ ಸತ್ತರೆ ₹50 ಲಕ್ಷದ ವಿಮೆ ಇತ್ತು, ದಣಿದು ಕೂತರೆ ಪ್ರೋತ್ಸಾಹಧನವೂ ಇಲ್ಲ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತದ್ದು ತಿಂಗಳಿಗೊಂದು ನಿಶ್ಚಿತ ಗೌರವಧನಕ್ಕಾಗಿ.

ದಾರಿಗಳೇ ಇಲ್ಲವೆಂದಲ್ಲ. ಕರ್ನಾಟಕದ ನರೇಗಾ ಕಾಮಗಾರಿಗಳಲ್ಲಿ ಹಿರಿಯರಿಗೆ, ಅಂಗವಿಕಲರಿಗೆ, ಗರ್ಭಿಣಿಯರಿಗೆ ಕೆಲಸದ ಅಳತೆಯಲ್ಲಿ ಶೇ 50ರ ರಿಯಾಯಿತಿ ಕೊಡುತ್ತ ಬಂದಿದ್ದಾರೆ. ಅರ್ಧ ಮಣ್ಣು ಅಗೆದರೂ ಪೂರ್ತಿ ಕೂಲಿ. ಗ್ರಾಮೀಣ ಉದ್ಯೋಗ ಯೋಜನೆ ಯಾವ ಹೆಸರಿನಲ್ಲಿ ನಡೆದರೂ ತಾಲ್ಲೂಕು ವೈದ್ಯರ ಪ್ರಮಾಣಪತ್ರ ತಂದವರಿಗೆ ಈ ರಿಯಾಯಿತಿ ವಿಸ್ತರಿಸಬೇಕು. ಮೀನುಗಾರರಿಗೆ ಉಳಿತಾಯ ಮತ್ತು ಪರಿಹಾರ ಯೋಜನೆ ಇದೆ. ಮೀನುಗಾರ ₹1,500 ಕಟ್ಟಿದರೆ ಕೇಂದ್ರ, ರಾಜ್ಯ ಸೇರಿ ₹3,000 ಹಾಕಿ, ದುಡಿಮೆಯಿಲ್ಲದ ತಿಂಗಳುಗಳಲ್ಲಿ ಹಿಂದಿರುಗಿಸುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧಿಸಿದಾಗ ಸರ್ಕಾರಕ್ಕೆ ಮೀನುಗಾರನ ಖಾಲಿ ಕೈ ಕಾಣುತ್ತದೆ. ಕಾಯಿಲೆಯಿಂದ ಕಡಲಿಗೆ ಇಳಿಯಲಾಗದವನ ಕೈಯೂ ಅಷ್ಟೇ ಖಾಲಿ. ಈ ಯೋಜನೆಯ ಮೊತ್ತವನ್ನು ಹೆಚ್ಚಿಸಿ ದೀರ್ಘ ಅನಾರೋಗ್ಯಕ್ಕೂ ಅನ್ವಯಿಸಬೇಕು. ಬೋಟಿನ ಮಾಲೀಕರು, ತೋಟದ ಯಜಮಾನರು ಸರ್ಕಾರಕ್ಕೆ ಕಾಯಬೇಕಾಗಿಲ್ಲ. ಬುಟ್ಟಿ ಹೊರಲಾರದವನಿಗೆ ಬಲೆ ಹೆಣೆಯುವ ಕೆಲಸ, ಮರ ಹತ್ತಲಾರದವನಿಗೆ ಕೂತು ಅಡಿಕೆ ಆರಿಸುವ ಕೆಲಸ ಕೊಡಬಹುದು. ಕೂಲಿ ಕಡಿಮೆ ಮಾಡದಿದ್ದರೆ ಅದೇ ದೊಡ್ಡ ಉಪಕಾರ.

ಕೋವಿಡ್ ನಂತರ ಮೂರು ತಿಂಗಳು ಕಳೆದರೂ ದಣಿವು, ಏದುಸಿರು ಬಿಡದಿದ್ದರೆ ಸುಮ್ಮನೆ ಸಹಿಸಬೇಡಿ. ಯಾವ ದಿನ ಎಷ್ಟು ಕೆಲಸ ಮಾಡಿದಿರಿ, ಯಾವ ದಿನ ಮಲಗಿದಿರಿ ಎಂದು ಬರೆದಿಟ್ಟುಕೊಳ್ಳಿ. ಬರೆಯಲು ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ. ಅದನ್ನು ತೆಗೆದುಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಈ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆ ಯು09 ಎಂಬ ಸಂಕೇತ ಕೊಟ್ಟಿದೆ. ಚೀಟಿಯಲ್ಲಿ ‘ಸುಸ್ತು’ ಎಂದಷ್ಟೇ ಬರೆದು ಕಳಿಸಿದರೆ ನೀವು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಪರೀಕ್ಷಿಸಿ ಅದೇ ಕಾಯಿಲೆ ಎಂದಾದರೆ ಆ ಸಂಕೇತವನ್ನು ಚೀಟಿಯಲ್ಲಿ ಬರೆಯುವಂತೆ ಡಾಕ್ಟರನ್ನು ಕೇಳಿ.