ಪರ್ಮನೆಂಟ್ ಐತೇನ್ ಅಂತ ಕೇಳೋದು ಸಾಕು

‘ಹುಡುಗ ಏನ್ ಮಾಡ್ತಾನ್ರಿ? ನೌಕರಿ ಪರ್ಮನೆಂಟ್ ಐತೇನ್?’ ತಂಬೂರಿನಲ್ಲಿ ಕನ್ಯಾ ನೋಡಲು ಹೋದವರಿಗೆ ಈ ಪ್ರಶ್ನೆ ತಪ್ಪುವುದಿಲ್ಲ. ಇದಕ್ಕೆ ಹೌದು ಅನ್ನಬೇಕೆಂದೇ ನಮ್ಮ ಕಲಘಟಗಿ ಕಡೆಯ ಎಷ್ಟೋ ಹುಡುಗರು ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸುಗಳಲ್ಲಿ ವರ್ಷಗಟ್ಟಲೆ ಕೂರುತ್ತಾರೆ. ಉಳಿದವರು ಬೇಲೂರು ಕೈಗಾರಿಕಾ ಪ್ರದೇಶ, ಹುಬ್ಬಳ್ಳಿ, ಬೆಂಗಳೂರು ಅಂತ ಗುತ್ತಿಗೆ ಕೆಲಸ ಹಿಡಿಯುತ್ತಾರೆ. ಒಂದು ಕಡೆ ಹನ್ನೊಂದು ತಿಂಗಳು, ಇನ್ನೊಂದು ಕಡೆ ಎರಡು ವರ್ಷ. ಊರಲ್ಲಿ ಅದಕ್ಕೆ ನೌಕರಿ ಅನ್ನೋದೇ ಇಲ್ಲ, ‘ಕಂಪನಿಗೆ ಹೋಗ್ತಾನ’ ಅಂತಾರೆ ಅಷ್ಟೇ.

ಒಂದೇ ಕಡೆ ಸೇರಿ ಅಲ್ಲೇ ನಿವೃತ್ತಿಯಾಗುವ ಕಾಲ ಇನ್ನು ಹೆಚ್ಚಿನವರಿಗೆ ಬರುವುದಿಲ್ಲ. ಹಾಗಾಗಿ ಬೀಗರು ಕೇಳಬೇಕಾದ್ದು ಬೇರೆ ಎಂದು ನಮಗನ್ನಿಸುತ್ತದೆ: ‘ಯುಎಎನ್ ನಂಬರ್ ಒಂದೇ ಐತೇನ್?’

ಯುಎಎನ್ ಅಂದರೆ ಪಿಎಫ್‌ನ 12 ಅಂಕಿಯ ನಂಬರ್. 2014ರಿಂದ ಇದೆ. ಎಷ್ಟು ಕಂಪನಿ ಬದಲಿಸಿದರೂ ಅದೇ ನಂಬರ್ ಮುಂದುವರಿಯಬೇಕು. ನಮ್ಮ ಪಗಾರದಿಂದ ಸಾಮಾನ್ಯವಾಗಿ ಶೇ. 12 ಕಡಿತವಾಗುತ್ತದೆ, ಮಾಲೀಕರೂ ಅಷ್ಟೇ ಹಾಕಬೇಕು. ಅವರ ಪಾಲಿನಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ. ಒಟ್ಟು ಹತ್ತು ವರ್ಷ ಸೇವೆ ಆದರೆ 58ನೇ ವಯಸ್ಸಿಗೆ ತಿಂಗಳ ಪಿಂಚಣಿ. ಆ ಹತ್ತು ವರ್ಷ ಒಂದೇ ಕಂಪನಿಯದಾಗಿರಬೇಕು ಅಂತೇನಿಲ್ಲ!

ಆದರೆ ಆಗುವುದೇನು? ಕೆಲಸ ಬಿಟ್ಟ ಮೇಲೆ ಮುಂಗಾರು ಬಂತು, ಗೋವಿನಜೋಳದ ಬೀಜ-ಗೊಬ್ಬರಕ್ಕೆ ರೊಕ್ಕ ಬೇಕು. ಆನ್‌ಲೈನ್ ಅಂಗಡಿಯಲ್ಲಿ ಪಿಎಫ್ ಜೊತೆ 10ಸಿ ಫಾರ್ಮನ್ನೂ ತುಂಬಿಸಿ ಪಿಂಚಣಿ ಪಾಲನ್ನು ತೆಗೆದುಬಿಡುತ್ತಾರೆ. ಅಲ್ಲಿಗೆ ಅಷ್ಟು ವರ್ಷದ ಸೇವೆ ಲೆಕ್ಕದಿಂದ ಹೋಯಿತು. ಹನ್ನೆರಡು ವರ್ಷ ದುಡಿದವನ ಖಾತೆಯಲ್ಲಿ ಎರಡೇ ವರ್ಷ ಉಳಿಯಬಹುದು. ಅಡಚಣಿ ಇದ್ದರೆ ಪಿಎಫ್ ಹಣ ತೆಗೆಯಿರಿ, ಪಿಂಚಣಿ ಪಾಲು ಮುಟ್ಟಬೇಡಿ.

ಗುತ್ತಿಗೆದಾರ ಪಗಾರದಲ್ಲಿ ಮುರಿದುಕೊಂಡು ಪಿಎಫ್ ಕಟ್ಟದೇ ಇರುವುದೂ ಉಂಟು. ಆಗ ಕೆಲಸ ಮಾಡಿಸಿಕೊಂಡ ಮೂಲ ಕಂಪನಿಯೇ ಜವಾಬ್ದಾರಿ, ಕಾನೂನು ಹಾಗಿದೆ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದರೆ ಯಾವ ತಿಂಗಳು ತಪ್ಪಿದೆ ಅಂತ ಕಾಣುತ್ತದೆ.

ಊಟ-ಪಾರ್ಸೆಲ್ ಹಂಚುವ ಹುಡುಗರಿಗೆ ಈ ಪಿಎಫ್ ಕೂಡ ಇಲ್ಲ. ಅವರಿಗಾಗಿ ರಾಜ್ಯ ಸರ್ಕಾರ 2025ರಲ್ಲಿ ಬೇರೆ ಕಾನೂನು ಮಾಡಿ, ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅವಕಾಶ ಮಾಡಿದೆ. ಹುಬ್ಬಳ್ಳಿಯಲ್ಲಿ ಬೈಕ್ ಓಡಿಸುವ ನಮ್ಮೂರ ಹುಡುಗನ ಕೈಗೆ ಅದರಿಂದ ಏನು ಬರುತ್ತದೆ ಎಂದು ನಾವು ಕೇಳುತ್ತಲೇ ಇರಬೇಕು.