ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಅಪರಾಧಿ ಮೌನವಾಗಿರುವುದು, ನಿರಪರಾಧಿ ಕೂಗಿಕೊಳ್ಳುವುದು ನ್ಯಾಯಸ್ಥಾನದ ನೋಟ ಮಾತ್ರವಲ್ಲ; ಹಳೆಯ ಲಾರಿಯ ಬಾನೆಟ್ಟಿನ ಕೆಳಗೂ ಅದು ನಡೆಯುವುದುಂಟು.

ಅಮೆರಿಕದ ಹಳ್ಳಿಗಾಡಿನಲ್ಲಿ 1990ರ ದಶಕದ ಪಿಕಪ್ ಲಾರಿಗಳು ಹುಲ್ಲು, ಸೌದೆ, ಸಂಸಾರ ಎಲ್ಲವನ್ನೂ ಹೊತ್ತು ಇನ್ನೂ ತಿರುಗುತ್ತಿವೆ. ಚಳಿಯ ಬೆಳಗಿನಲ್ಲಿ ಅಂಥದೊಂದರ ಕೀಲಿ ತಿರುಗಿಸಿದೊಡನೆ ನೆರೆಹೊರೆಯೇ ಎಚ್ಚರಗೊಳ್ಳುವಂತೆ ಚೀತ್ಕಾರವೇಳುತ್ತದೆ. ಯಜಮಾನನು ಹೊಸ ಬೆಲ್ಟು ತಂದು ಹಾಕುತ್ತಾನೆ. ಎಂಟು ದಿನ ಶಾಂತಿ; ಒಂಬತ್ತನೆಯ ದಿನ ಮತ್ತೆ ಅದೇ ರಾಗ!

ಮೊದಲು ಒಂದೊಂದು ಯಂತ್ರಭಾಗಕ್ಕೂ ಬೇರೆ ಬೇರೆ ಬೆಲ್ಟುಗಳಿರುತ್ತಿದ್ದವು. 1979ರ ಫೋರ್ಡ್ ಮಸ್ಟಾಂಗ್ ಕಾರಿನ ಕಾಲದಿಂದ ಹಾವಿನಂತೆ ಬಳುಕಿ ಹರಿಯುವ ಒಂದೇ ಉದ್ದನೆಯ ಸರ್ಪೆಂಟೈನ್ ಬೆಲ್ಟು ರೂಢಿಗೆ ಬಂದಿತು. ಆಲ್ಟರ್ನೇಟರು, ಸ್ಟಿಯರಿಂಗಿನ ಪಂಪು, ಬಹುಪಾಲು ಎಂಜಿನ್ನುಗಳಲ್ಲಿ ನೀರಿನ ಪಂಪು, ಎಲ್ಲವೂ ಅದನ್ನೇ ನಂಬಿವೆ. ಅದನ್ನು ಬಿಗಿಯಾಗಿ ಹಿಡಿದಿರುವುದು ಸ್ಪ್ರಿಂಗಿನ ಬಲದ ಟೆನ್ಷನರು. ವರ್ಷಗಳು ಕಳೆದಂತೆ ಆ ಸ್ಪ್ರಿಂಗು ಸೋಲುತ್ತದೆ. ಗಾಡಿ ಹೊರಟ ಹೊಸದರಲ್ಲಿ ಬ್ಯಾಟರಿಯನ್ನು ತುಂಬಿಸಲು ಆಲ್ಟರ್ನೇಟರು ಹೆಚ್ಚು ದುಡಿಯಬೇಕು. ಸಡಿಲಗೊಂಡ ಬೆಲ್ಟು ಆ ಭಾರಕ್ಕೆ ಜಾರಿ ಕಿರುಚುತ್ತದೆ. ದೋಷ ಟೆನ್ಷನರಿನದು, ದಂಡ ಬೆಲ್ಟಿಗೆ!

ಪರೀಕ್ಷೆ ಸುಲಭ. ಎಂಜಿನ್ನು ನಡೆಯುತ್ತಿರುವಾಗ ದೂರದಿಂದಲೇ ಬೆಲ್ಟಿನ ಗೀರುಗಳಿರುವ ಮೈಗೆ ಕೊಂಚ ನೀರು ಸಿಂಪಡಿಸಬೇಕು. ಸದ್ದು ಹೆಚ್ಚಿದರೆ ಬೆಲ್ಟು ಜಾರುತ್ತಿದೆ, ಬಿಗಿ ಸಾಲದು ಎಂದರ್ಥ. ಹಕ್ಕಿಯ ಚಿಲಿಪಿಲಿಯಂಥ ಸದ್ದು ಕ್ಷಣಕಾಲ ಅಡಗಿ ಮತ್ತೆ ಬಂದರೆ ಯಾವುದೋ ರಾಟೆ ಸಾಲು ತಪ್ಪಿದೆ. ಇವೆರಡೂ ಅಲ್ಲವಾದರೆ ಎಂಜಿನ್ನನ್ನು ನಿಲ್ಲಿಸಿ, ಆರಿದ ಮೇಲೆ ಬೆಲ್ಟನ್ನು ಕಳಚಿ, ಒಂದೊಂದು ರಾಟೆಯನ್ನೂ ಕೈಯಿಂದ ತಿರುಗಿಸಿ ನೋಡಬೇಕು. ಗರಗರ ಎನ್ನುವ, ಅಲುಗಾಡುವ ರಾಟೆಯ ಬೇರಿಂಗು ಸವೆದಿರುತ್ತದೆ. ಎಣ್ಣೆ ತೊಟ್ಟಿಕ್ಕಿ ಬೆಲ್ಟನ್ನು ನೆನೆಸಿದ್ದರೆ ಮೊದಲು ಆ ಸೋರಿಕೆ ನಿಲ್ಲಬೇಕು. ತಿರುಗುವ ಬೆಲ್ಟಿನ ಬಳಿ ಸಡಿಲವಾದ ತೋಳು, ಬಿಚ್ಚಿದ ಕೂದಲು, ಕುತೂಹಲದ ಮಕ್ಕಳು ಸುಳಿಯಲೇಬಾರದು.

ಬೆಲ್ಟಿಗೆ ಹಚ್ಚುವ ಅಂಟುಮದ್ದೊಂದು ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಹಸಿದು ಅಳುವ ಮಗುವನ್ನು ಗದರಿಸಿ ಸುಮ್ಮನಾಗಿಸಿದಂತೆ. ಬಿರುಕಿಲ್ಲವೆಂಬ ಸಮಾಧಾನವನ್ನೂ ನಂಬಲಾಗದು. ಹಳೆಯ ರಬ್ಬರಿನಂತೆ ಬಿರಿಯದೆ, ಇಂದಿನ ಬೆಲ್ಟುಗಳು ಟಯರಿನಂತೆ ಒಳಗೊಳಗೇ ಸವೆಯುತ್ತವೆ.

ಅಲಕ್ಷಿಸಿದರೇನು? ಹೆಂಡತಿ ಮಕ್ಕಳೊಡನೆ ಇಳಿಜಾರಿನಲ್ಲಿ ಬರುವಾಗ ಬೆಲ್ಟು ಹರಿದರೆ ಸ್ಟಿಯರಿಂಗು ಕಲ್ಲಿನಂತೆ ಭಾರವಾಗುತ್ತದೆ. ನೀರಿನ ಪಂಪು ನಿಂತು ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಕುದಿಯುತ್ತದೆ. ದೀಪಗಳಿಗೆ ಬ್ಯಾಟರಿಯಲ್ಲಿ ಉಳಿದುದಷ್ಟೇ ಗತಿ.

ಮೂರನೆಯ ಬೆಲ್ಟನ್ನು ಕೊಳ್ಳಹೊರಟ ಯಜಮಾನನು ಒಂದು ಲೋಟ ನೀರು ಕೈಗೆತ್ತಿಕೊಂಡರೆ ಸಾಕು. ಕೂಗಿದವನನ್ನು ಶಿಕ್ಷಿಸುವ ಮೊದಲು ಅವನೇಕೆ ಕೂಗಿದನೆಂದು ಕೇಳುವುದು ಗಾಡಿಗೂ ಕ್ಷೇಮ, ಮನೆಗೂ ಕ್ಷೇಮ.