ಹತ್ತು ನಿಮಿಷದ ಬೆಲೆ

ಸಾಗಣೆ ವೆಚ್ಚ ಏರಿದಾಗಲೆಲ್ಲ ನಾವು ಡೀಸೆಲ್ ದರವನ್ನು ದೂರುತ್ತೇವೆ. ದರ ನಮ್ಮ ಕೈಯಲ್ಲಿಲ್ಲ; ವಾಹನದ ವೇಗ ನಮ್ಮ ಕೈಯಲ್ಲಿದೆ.

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಸುಮಾರು 38 ಕಿ.ಮೀ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಈ ದಾರಿಗೆ 28 ನಿಮಿಷ ಸಾಕು. 60ರಲ್ಲಿ 38 ನಿಮಿಷ ಬೇಕು. ಉಳಿಯುವುದು ಹತ್ತೇ ನಿಮಿಷ. ಗಾಳಿಯ ಪ್ರತಿರೋಧವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 60ರಿಂದ 80ಕ್ಕೆ ಏರಿದರೆ ಅದು ಶೇ. 78ರಷ್ಟು ಹೆಚ್ಚುತ್ತದೆ. ಎತ್ತರವಾಗಿ ಸರಕು ಹೇರಿದ ವಾಹನಕ್ಕೆ ಈ ಹೊರೆ ಇನ್ನೂ ಅಧಿಕ. 2018ರ ಕೇಂದ್ರ ಅಧಿಸೂಚನೆಯು ಚತುಷ್ಪಥದಲ್ಲಿ ಸರಕು ವಾಹನಗಳಿಗೆ ವಿಧಿಸಿದ 80 ಕಿ.ಮೀ. ಗರಿಷ್ಠ ಮಿತಿಯೇ ಹೊರತು ಗುರಿಯಲ್ಲ.

ಹೊಳೆನರಸೀಪುರ, ಅರಕಲಗೂಡು ಮಾರ್ಗಗಳಲ್ಲಿ ವೇಗದಿಂದ ಗಳಿಸಿದ್ದನ್ನು ಮುಂದಿನ ಊರಿನ ಉಬ್ಬಿನಲ್ಲಿ ಬ್ರೇಕಿಗೆ ಒಪ್ಪಿಸಬೇಕಾಗುತ್ತದೆ. ಅಲ್ಲಿ ಮೇಲಿನ ಗೇರಿನಲ್ಲಿ ಸಮವೇಗದ 50 ಸಾಕು.

ಡೀಸೆಲ್ ಜಿ.ಎಸ್.ಟಿ. ವ್ಯಾಪ್ತಿಗೆ ಬಾರದ ಕಾರಣ ಅದರ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ವ್ಯರ್ಥವಾದ ಪ್ರತಿ ಲೀಟರೂ ತೆರಿಗೆಸಹಿತವಾಗಿ ವೆಚ್ಚಕ್ಕೇ ಸೇರುತ್ತದೆ.

ಕೊಳೆಯುವ ಸರಕಿಗೆ ಕಾಲವೇ ಬೆಲೆ ಎಂಬ ವಾದ ಸರಿ. ಆದರೆ ಆ ಹತ್ತು ನಿಮಿಷ ಕಳೆಯುವುದು ಹೆಚ್ಚಾಗಿ ರಸ್ತೆಯಲ್ಲಲ್ಲ. ಬಿಲ್ಲು ಸಿದ್ಧವಿಲ್ಲದ, ಹಮಾಲರು ಬಾರದ ನಮ್ಮ ಗೋದಾಮಿನಲ್ಲಿ. ನಮ್ಮ ವಿಳಂಬವನ್ನು ಚಾಲಕನ ಕಾಲಿನಿಂದ ತುಂಬಿಸಿಕೊಳ್ಳುವುದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.

ಸದಸ್ಯರು ನನ್ನ ಮಾತನ್ನು ನಂಬಬೇಕಿಲ್ಲ. ಅದೇ ವಾಹನ, ಅದೇ ಮಾರ್ಗ, ಸಮನಾದ ಸರಕು. ಎರಡು ವಾರ ಈಗಿನ ವೇಗ, ಎರಡು ವಾರ 60. ಪ್ರತಿ ಸಲ ಟ್ಯಾಂಕ್ ಪೂರ್ಣ ತುಂಬಿಸಿ, ಲೀಟರು ಮತ್ತು ಕಿ.ಮೀ. ಬರೆದಿಡಿ. ಮಿಕ್ಕದ್ದನ್ನು ಲೆಕ್ಕಪುಸ್ತಕವೇ ಹೇಳುತ್ತದೆ.